ಈ ಪೈಪು ಎಷ್ಟು ಸಲ ಕಾದಿದೆ?

ಪೈಪಿನ ಬಿಲ್ಲಿನಲ್ಲಿ ವ್ಯಾಸ ಇರುತ್ತದೆ, ಉದ್ದ ಇರುತ್ತದೆ, ಎಷ್ಟು ಕೆ.ಜಿ. ಒತ್ತಡ ತಾಳುತ್ತದೆ ಎನ್ನುವುದಿರುತ್ತದೆ, ಐಎಸ್‌ಐ ಗುರುತು ಇರುತ್ತದೆ, ಕೊನೆಗೆ ಜಿಎಸ್‌ಟಿ ಅಂತೂ ಇದ್ದೇ ಇರುತ್ತದೆ. ಆ ಪೈಪು, ಅಥವಾ ಉಕ್ಕಿನ ಕೊಳವೆಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ, ಮಣ್ಣಿನೊಳಗೆ ಇಳಿಯುವ ಮೊದಲು ಎಷ್ಟು ಸಲ ಕಾವು ಕಂಡಿದೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೊಳವೆ ಕಾಮಗಾರಿಗಳ ಕಾಗದ ಹುಡುಕಲು ನಾನು ಹೊರಟದ್ದು ಈ ಒಂದು ಅಂಕಿಗಾಗಿ.

ಅಂಕಿ ಯಾಕೆ ಮುಖ್ಯ ಎಂಬುದನ್ನು ಕಾಗದಕ್ಕಿಂತ ಮೊದಲು ತೋಟ ಹೇಳುತ್ತದೆ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಪಿವಿಸಿ ಲೈನ್ ಎಳೆಯುವಾಗ ಕಪ್ಲಿಂಗ್ ಸಾಲದೆ ಬಂದರೆ ಮಾಡುವ ಉಪಾಯ ಹಳೆಯದು. ಒಣ ಸೋಗೆಗೆ ಬೆಂಕಿ ಹಾಕಿ, ಪೈಪಿನ ತುದಿಯನ್ನು ಜ್ವಾಲೆಯ ಮೇಲೆ ನಿಧಾನ ತಿರುಗಿಸುತ್ತಾರೆ. ಬೂದು ಬಣ್ಣದ ಗೋಡೆ ಮೊದಲು ಹೊಳೆಯುತ್ತದೆ, ಆಮೇಲೆ ಬೆರಳಿಟ್ಟರೆ ತಗ್ಗುತ್ತದೆ. ಅಷ್ಟರಲ್ಲಿ ಇನ್ನೊಂದು ಪೈಪನ್ನು ಅದರೊಳಗೆ ಒತ್ತಿ, ಒದ್ದೆ ಗೋಣಿ ಸುತ್ತಿದರೆ ಸಾಕೆಟ್ ಸಿದ್ಧ. ಬಾಯಿ ಸರಿಯಾಗಿ ಅಗಲವಾಗಲಿಲ್ಲವೆಂದು ಅದೇ ತುದಿಯನ್ನು ಮತ್ತೆ ಬೆಂಕಿಗೆ ಹಿಡಿಯಲು ಹೋದ ಹುಡುಗನನ್ನು ಹಿರಿಯ ಕೆಲಸಗಾರ ತಡೆದರು. "ಒಂದ್ಸಲ ಕಾಸಿದ್ದು ಹಿಡೀತದೆ ಸರ್. ಅದನ್ನೇ ತಿರುಗಾ ಕಾಸಿದ್ರೆ ಸೊಲ್ಯೂಷನ್ ಹಚ್ಚಿದ್ರೂ ನಿಲ್ಲಲ್ಲ, ಪಟ್ ಅಂತ ಸೀಳ್ತದೆ. ಅಷ್ಟುದ್ದ ಕೊಯ್ದು ಬಿಸಾಕೋದೇ" ಎಂದರು ನನ್ನ ಕಡೆ ತಿರುಗಿ. ಅಂಚಿನಲ್ಲಿ ತೆಳುವಾದ ಕಂದು ಬಣ್ಣ ಕಾಣುತ್ತಿತ್ತು. ಆ ಕಂದು ಬಣ್ಣಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರ ಇದೆ: ಕಾವು ಹೆಚ್ಚಿದಾಗ ಪಿವಿಸಿಯ ಸರಪಳಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಕಳಚಿಕೊಳ್ಳುತ್ತದೆ, ಕಳಚಿದ ಆಮ್ಲವೇ ಮುಂದಿನ ಕಳಚುವಿಕೆಗೆ ಇಂಬು ಕೊಡುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಸ್ಟೆಬಿಲೈಸರ್ ಬೆರೆಸಿರುತ್ತಾರೆ. ಪ್ರತಿ ಸಲ ಕಾಯಿಸಿದಾಗಲೂ ಅದು ಸ್ವಲ್ಪ ಸ್ವಲ್ಪ ತೀರುತ್ತದೆ. ಕಾಯಿಸುವವನಿಗೆ ಈ ಲೆಕ್ಕ ಕೈಯಲ್ಲೇ ಗೊತ್ತಿದೆ. ಕಚೇರಿಯ ಪುಸ್ತಕಕ್ಕೆ ಗೊತ್ತಿದೆಯೇ?

ಹುಡುಕಾಟದ ಮೊದಲ ತೊಡಕು ಪ್ಲಾಸ್ಟಿಕ್ಕಿನದಲ್ಲ, ಜಿಲ್ಲೆಯದು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಪಟೇಲರ ಊರು ಕಾರಿಗನೂರು ಚನ್ನಗಿರಿ ತಾಲ್ಲೂಕಿನದೇ. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿ ಆಗ ತಾಲ್ಲೂಕೇ ಅಲ್ಲ, ಹೊನ್ನಾಳಿಯ ಒಂದು ಭಾಗ. ಹೀಗಾಗಿ ಹಳೆಯ ಕೊಳವೆಯ ಕಡತ ಬೇಕೆಂದು ದಾವಣಗೆರೆಯಲ್ಲಿ ಕೇಳಿದರೆ ಶಿವಮೊಗ್ಗ ಕಡೆ ಕೈ ತೋರಿಸುತ್ತಾರೆ, ಅಲ್ಲಿ ಕೇಳಿದರೆ "ಜಿಲ್ಲೆ ಆದಾಗಲೇ ಎಲ್ಲಾ ಆ ಕಡೆ ಹೋಯ್ತಲ್ಲ" ಎನ್ನುತ್ತಾರೆ. ಸೂಳೆಕೆರೆ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಅದರ ನೀರು ಕೊಳವೆಯಲ್ಲಿ ಹೋಗುವುದು ಚಿತ್ರದುರ್ಗ ಪಟ್ಟಣಕ್ಕೆ. ಅಂಥ ಒಂದು ಕೊಳವೆಯ ಚರಿತ್ರೆ ಬೇಕೆಂದರೆ ಗಡಿಯ ಎರಡೂ ಕಡೆಯ ಕಚೇರಿಗಳ ಬಾಗಿಲು ತಟ್ಟಬೇಕು.

ಕೈಗೆ ಸಿಕ್ಕ ಎಂ.ಬಿ.ಗಳು, ಅಂದರೆ ಅಳತೆ ಪುಸ್ತಕಗಳು, ಎಲ್ಲಾ ಕಡೆ ಒಂದೇ ಅಚ್ಚಿನವು. ವಿವರ, ಸಂಖ್ಯೆ, ಉದ್ದ, ಅಗಲ, ಆಳ, ಒಟ್ಟು. ಕಲ್ಲು ಕಟ್ಟಿದರೂ ಮಣ್ಣು ಅಗೆದರೂ ಪೈಪು ಹಾಕಿದರೂ ಅದೇ ಕಾಲಮ್ಮುಗಳು. ಈ ಪುಸ್ತಕಕ್ಕೆ ಅಳತೆ ಎಂದರೆ ಟೇಪು ಹಿಡಿದು ನೋಡಬಹುದಾದದ್ದು. ಕಾವನ್ನು ಟೇಪಿನಲ್ಲಿ ಅಳೆಯಲಾಗದು, ಆದ್ದರಿಂದ ಅದು ಪುಸ್ತಕಕ್ಕೆ ಬಂದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ದುಡ್ಡು ಪಾವತಿಸಲು ಎಷ್ಟು ಬೇಕೋ ಅಷ್ಟನ್ನು ಬರೆದಿಡುವ ಪುಸ್ತಕ ಅದು.

ದೊಡ್ಡ ಉಕ್ಕಿನ ಕೊಳವೆಗಳ ಕಾಗದ ಬೇರೆ ಥರ. ಜಗಳೂರಿನ 57 ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿಯಿಂದ ತುಂಗಭದ್ರೆಯ ನೀರು ಎತ್ತುವ ಯೋಜನೆ, ಹೊನ್ನಾಳಿ-ಚನ್ನಗಿರಿ ಕಡೆಯ ಕೆರೆಗಳಿಗೆ ಸಾಸ್ವೆಹಳ್ಳಿಯ ಏತ ನೀರಾವರಿ ಇವೆಲ್ಲ ಈ ಭಾಗದ ಜನ ವರ್ಷಗಟ್ಟಲೆ ಕಾದ ಯೋಜನೆಗಳು. ಇಂಥ ಏತ ಕಾಮಗಾರಿಗಳ ಮುಖ್ಯ ಕೊಳವೆ ಸಾಮಾನ್ಯವಾಗಿ ಉಕ್ಕಿನದು. ಉಕ್ಕು ಎಂದಮೇಲೆ ಬೆಸುಗೆ, ಬೆಸುಗೆ ಎಂದಮೇಲೆ ಜಾಯಿಂಟ್ ರಿಜಿಸ್ಟರ್. ಅನಿಲ ಕೊಳವೆಗಳಲ್ಲಂತೂ ಪ್ರತಿ ಬೆಸುಗೆಗೂ ಒಂದು ಸಂಖ್ಯೆ. ಎಕ್ಸ್-ರೇಯಲ್ಲಿ ದೋಷ ಕಂಡು ಅದನ್ನು ಉಜ್ಜಿ ಮತ್ತೆ ಬೆಸೆದರೆ ಸಂಖ್ಯೆಯ ಮುಂದೆ ಆರ್-1 ಎಂದು ಬೀಳುತ್ತದೆ. ಕೊಳವೆ ಬೆಸುಗೆಗೆ ಜಗತ್ತೆಲ್ಲ ನೋಡುವ ಅಮೆರಿಕದ ಎಪಿಐ 1104 ಎಂಬ ಮಾನದಂಡ ಇನ್ನೂ ಕಟ್ಟುನಿಟ್ಟು: ಒಮ್ಮೆ ದುರಸ್ತಿಯಾದ ಜಾಗವನ್ನೇ ಮತ್ತೆ ದುರಸ್ತಿ ಮಾಡಬೇಕಾದರೆ ಮಾಲೀಕ ಕಂಪನಿಯ ಪೂರ್ವಾನುಮತಿ ಬೇಕು ಎನ್ನುತ್ತದೆ. ಉಕ್ಕಿಗೆ ಎರಡನೇ ಸಲ, ಮೂರನೇ ಸಲ ಬಿದ್ದ ಕಾವಿನ ಲೆಕ್ಕ ಕಾಗದದ ಮೇಲಿದೆ. ಅದೇ ಜಾಯಿಂಟಿನ ಅಕ್ಕಪಕ್ಕ ಒಂದು ಗೇಣು ದೂರದಲ್ಲಿರುವ ಪ್ಲಾಸ್ಟಿಕ್ ಹೊದಿಕೆಯ ಲೆಕ್ಕ ಇಲ್ಲ. ಹೊದಿಕೆಯ ಕಾಲಮ್ಮಿನಲ್ಲಿ ಇರುವುದು "ಸರಿಯಿದೆ" ಎಂಬ ಒಂದೇ ಮಾತು, ಪಕ್ಕದಲ್ಲಿ ಒಂದು ಸಹಿ.

ಹೊದಿಕೆ ಎಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಮೂರು ಪದರದ ಪಾಲಿಥಿಲೀನ್. ಉಕ್ಕಿನ ಕೊಳವೆಯನ್ನು ಗರಸು ಸಿಡಿಸಿ ಬಿಳಿಚುವಂತೆ ಉಜ್ಜಿ, ವಿದ್ಯುತ್ ಸುರುಳಿಯೊಳಗೆ ಹಾಯಿಸಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತಾರೆ. ಕಾದ ಮೈಮೇಲೆ ಎಪಾಕ್ಸಿ ಪುಡಿ ಬೀಳುತ್ತದೆ, ಕರಗಿ ಗಟ್ಟಿಯಾಗುತ್ತದೆ. ಅದರ ಮೇಲೆ ತೆಳುವಾದ ಅಂಟು ಪದರ. ಅದರ ಮೇಲೆ ಎರಡು ಮೂರು ಮಿಲಿಮೀಟರ್ ದಪ್ಪದ ಕಪ್ಪು ಪಾಲಿಥಿಲೀನ್. ಕೂಡಲೇ ತಣ್ಣೀರು. ಇದು ಮೊದಲ ಕಾವು. ಬೆಸೆಯಲೆಂದು ಕೊಳವೆಯ ಎರಡೂ ತುದಿ ಬೋಳಾಗಿ ಬಿಟ್ಟಿರುತ್ತಾರೆ. ಹೊಲದಲ್ಲಿ ಬೆಸುಗೆ ಮುಗಿದ ಮೇಲೆ ಆ ಬೋಳು ಭಾಗಕ್ಕೆ ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿ, ಕುಗ್ಗುವ ಸ್ಲೀವ್ ಸುತ್ತಿ, ಮತ್ತೆ ಟಾರ್ಚ್ ಆಡಿಸುತ್ತಾರೆ. ಸ್ಲೀವ್ ಕಾರ್ಖಾನೆ ಹೊದಿಕೆಯ ಮೇಲೂ ಸ್ವಲ್ಪ ಹತ್ತಿ ಕೂರಬೇಕು, ಆದ್ದರಿಂದ ಆ ಹೊದಿಕೆಯ ಅಂಚಿಗೂ ಜ್ವಾಲೆ ತಾಗುತ್ತದೆ. ಬೆಸುಗೆಯ ಕಾವು ಲೆಕ್ಕಕ್ಕಿಲ್ಲದೆಯೇ ಇದು ಎರಡನೆಯದು. ಸ್ಲೀವಿನಡಿ ಗಾಳಿ ಸಿಕ್ಕಿಬಿದ್ದು ಕಿತ್ತು ಮತ್ತೆ ಹಾಕಿದರೆ ಮೂರನೆಯದು. ಕೊಳವೆ ಎಷ್ಟೇ ಕಿಲೋಮೀಟರ್ ಇರಲಿ, ಮರುಕಾವಿನ ಪ್ರಶ್ನೆ ಇರುವುದು ಹನ್ನೆರಡು ಮೀಟರಿಗೊಮ್ಮೆ ಬರುವ ಈ ಅಂಚಿನಲ್ಲಿ.

ಮಾನದಂಡಗಳ ಕಡತಕ್ಕೆ ಹೋಗುವುದು ಈಗ ಸುಲಭ. ಭಾರತೀಯ ಮಾನಕ ಬ್ಯೂರೋದ ಮಾನದಂಡಗಳನ್ನು ಈಗ ಉಚಿತವಾಗಿ ಇಳಿಸಿಕೊಳ್ಳಬಹುದು. ಹಿಂದೆ ಹಾಗಿರಲಿಲ್ಲ, ಇವು ಜನರಿಗೆ ಬಿಟ್ಟಿಯಾಗಿ ಸಿಗಬೇಕೆಂದು ಅಮೆರಿಕದ ಕಾರ್ಲ್ ಮಲಮುಡ್ ಎಂಬ ಮನುಷ್ಯ ಅವನ್ನು ಅಂತರ್ಜಾಲಕ್ಕೆ ಏರಿಸಿ, 2015ರಲ್ಲಿ ನಮ್ಮವರ ಜತೆ ಸೇರಿ ದಿಲ್ಲಿ ಹೈಕೋರ್ಟಿನವರೆಗೂ ಹೋಗಿದ್ದರು. ನಮ್ಮ ಹಳ್ಳಿಯ ನೀರಿನ ಪೈಪಿಗೆ ಏನು ನಿಯಮ ಎಂದು ತಿಳಿಯಲು ನಾವು ದುಡ್ಡು ಕೊಡಬೇಕಿತ್ತು ಎಂಬುದು ಈಗ ನೆನೆದರೂ ವಿಚಿತ್ರ.

ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥಿಲೀನ್; ಅದರ ಕಪ್ಪು ನೀರಿನ ಪೈಪಿನ ಮಾನದಂಡ ಐಎಸ್ 4984. ಆ ಮಾನದಂಡದ 1995ರ ಆವೃತ್ತಿಯಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಪೈಪು ಮಾಡುವಾಗ ಉಳಿದ ತುಂಡು-ತಿರುಬಿಯನ್ನು ತಯಾರಕ ತನ್ನದೇ ಕಾರ್ಖಾನೆಯದಾದರೆ ಶೇ. 10ಕ್ಕೆ ಮೀರದಂತೆ ಬೆರೆಸಬಹುದು. ಹೊರಗಿನ ಮರುಬಳಕೆ ಮಾಲು ಬೇಡ. ಅಂದರೆ ಒಮ್ಮೆ ಕರಗಿದ್ದನ್ನು ಮತ್ತೆ ಕರಗಿಸುವುದು ತಪ್ಪಲ್ಲ, ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ, ಅದೂ ಹುಟ್ಟು ಗೊತ್ತಿರುವ ಮಾಲಿನದು.

ಪ್ಲಾಸ್ಟಿಕ್ಕಿಗಿಂತ ಹಿಂದಿನ ಹೊದಿಕೆ ಹೇಗಿತ್ತೆಂದು ನೋಡಲು ಹಳೆಯ ಕಾಗದ ತಿರುವಿದೆ. ಉಕ್ಕಿನ ಕೊಳವೆಗೆ ಕೋಲ್‌ಟಾರ್ ಎನಾಮಲ್ ಬಳಿದು ಮೇಲೆ ಪಟ್ಟಿ ಸುತ್ತುತ್ತಿದ್ದ ಕಾಲ ಅದು. ಅದಕ್ಕೆ ನಮ್ಮಲ್ಲಿ 1982ರ ಐಎಸ್ 10221 ಇದೆ, ಅಮೆರಿಕದ ಜಲಸರಬರಾಜು ಸಂಘದ್ದು ಸಿ-203. ಕೆಟಲ್ ಎಂದು ಕರೆಯುವ ದೊಡ್ಡ ಹಂಡೆಯಲ್ಲಿ ಎನಾಮಲ್ ಕಾಯಿಸಿ ಕೊಳವೆಗೆ ಸುರಿಯುತ್ತಿದ್ದರು. ಸಂಜೆ ಹಂಡೆಯಲ್ಲಿ ಉಳಿದದ್ದು ಮರುದಿನ ಮತ್ತೆ ಕಾಯುತ್ತದಲ್ಲ, ಅದಕ್ಕೆ ಸಿ-203 ಹಾಕಿದ ಮಿತಿ ಎಷ್ಟು? ಹೊಸ ಹಂಡೆಯ ಶೇ. 10ಕ್ಕಿಂತ ಹೆಚ್ಚು ಸೇರಬಾರದು. ಹಂಡೆ ಕೆರೆದಾಗ ಬಂದ ಕರಕಲನ್ನಂತೂ ಬೆರೆಸಲೇ ಬಾರದು.

ಎರಡು ಬೇರೆ ದೇಶ, ಎರಡು ಬೇರೆ ಮಾಲು, ಎರಡು ಬೇರೆ ಕಾಲ. ಉಳಿದ ಮಾಲಿಗೆ ಮಿತಿ ಮಾತ್ರ ಒಂದೇ. ಹತ್ತು ಎಂಬ ಸಂಖ್ಯೆಗೆ ಯಾವುದೋ ಪ್ರಯೋಗದ ಆಧಾರ ಇರಬೇಕೆಂದು ಹುಡುಕಿದೆ. ಆ ಮಾನದಂಡಗಳ ಪುಟಗಳಲ್ಲಿ ಕಾರಣ ಬರೆದಿಲ್ಲ. ನನಗನಿಸುವುದು, ಇದು ಪ್ರಯೋಗಶಾಲೆಯ ಸಂಖ್ಯೆಯಲ್ಲ, ಮೇಸ್ತ್ರಿಯ ಸಂಖ್ಯೆ. ಮಾಲು ದಂಡವಾಗಬಾರದು, ಕೆಲಸವೂ ಕೆಡಬಾರದು ಎನ್ನುವವನು ಅಂದಾಜಿನಲ್ಲಿ ಒಪ್ಪುವ ಪಾಲು ಅದು. ಆದರೆ ಒಂದು ವಿಷಯದಲ್ಲಿ ಆ ಹಳೆಯ ಡಾಂಬರಿನ ನಿಯಮ ಇವತ್ತಿನ ಹೊದಿಕೆಯ ನಿಯಮಗಳಿಗಿಂತ ಮುಂದಿತ್ತು: ಕಾದದ್ದು ಮತ್ತು ಕಾದು ಮತ್ತೆ ಕಾದದ್ದು ಬೇರೆ ಬೇರೆ ಮಾಲು ಎಂದು ಅದು ಬಾಯಿಬಿಟ್ಟು ಹೇಳಿತ್ತು.

ಬೇರೆ ಹೇಗೆ ಎಂಬ ಪ್ರಶ್ನೆಗೆ ವಿಜ್ಞಾನದ ನಿಯತಕಾಲಿಕಗಳಿಗೆ ಹೋಗಬೇಕು. ಬೇರು 1946ರಲ್ಲಿದೆ. ಇಂಗ್ಲೆಂಡಿನ ರಬ್ಬರ್ ಸಂಶೋಧಕರಾದ ಬೋಲ್ಯಾಂಡ್ ಮತ್ತು ಗೀ ಆ ವರ್ಷ ಸಾವಯವ ಪದಾರ್ಥಗಳು ಗಾಳಿಯ ಆಮ್ಲಜನಕದೊಂದಿಗೆ ಹೇಗೆ ಸರಣಿಯಾಗಿ ಕೆಡುತ್ತವೆ ಎಂಬುದರ ಲೆಕ್ಕ ಬಿಡಿಸಿದರು. ಒಂದು ಅಣು ಹರಿದರೆ ಅಲ್ಲಿ ಹುಟ್ಟುವ ಚುರುಕು ತುದಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಪೆರಾಕ್ಸೈಡ್ ಆಗುತ್ತದೆ, ಅದು ಒಡೆದು ಇನ್ನಷ್ಟು ಚುರುಕು ತುದಿ ಹುಟ್ಟಿಸುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಜತೆ ಮೆಣಸಿನಕಾಯಿ ಕರಿಯುವ ಬಾಣಲೆಯಲ್ಲಿ ಎಣ್ಣೆ ದಿನದಿಂದ ದಿನಕ್ಕೆ ಮಂದವಾಗಿ ಕಪ್ಪಾಗುವುದೂ ಬಹುಮಟ್ಟಿಗೆ ಇದೇ ರಸಾಯನದಿಂದ. ಆ ಎಣ್ಣೆಗೆ ನಮ್ಮ ದೇಶದಲ್ಲಿ ಕಾನೂನಿನ ಮಿತಿ ಇದೆ: ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ, 2018ರ ಜುಲೈ 1ರಿಂದ. ಮತ್ತೆ ಮತ್ತೆ ಕಾದದ್ದನ್ನು ಅಳೆಯಬಹುದು, ಅಳೆದು ಮಿತಿ ಹಾಕಬಹುದು ಎಂಬುದಕ್ಕೆ ಪುರಾವೆ ತಳ್ಳುಗಾಡಿಯ ಬಾಣಲೆಯಲ್ಲೇ ಇದೆ.

ಪಾಲಿಥಿಲೀನ್ ಎಣ್ಣೆಗಿಂತ ಸ್ವಲ್ಪ ಮೋಸದ ಪದಾರ್ಥ. 1991ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯ ಹಿನ್ಸ್ಕೆನ್, ಜ್ವೈಫೆಲ್ ಮತ್ತು ಸಂಗಡಿಗರು ಪ್ಲಾಸ್ಟಿಕ್ಕುಗಳನ್ನು ಮತ್ತೆ ಮತ್ತೆ ಕರಗಿಸಿ ಹೊರತಂದು ನೋಡಿದರು. ಪಾಲಿಪ್ರೊಪಿಲೀನಿನ ಕಥೆ ಸರಳ: ಪ್ರತಿ ಸುತ್ತಿಗೂ ಸರಪಳಿ ತುಂಡಾಗುತ್ತದೆ, ಕರಗಿದಾಗ ಹೆಚ್ಚು ನೀರಾಗಿ ಹರಿಯುತ್ತದೆ. ಎಚ್‌ಡಿಪಿಇಯಲ್ಲಿ ಎರಡು ಕಡೆ ಎಳೆದಾಟ. ಒಂದು ಕಡೆ ಸರಪಳಿ ತುಂಡಾಗುವುದು, ಇನ್ನೊಂದು ಕಡೆ ತುಂಡಾದ ತುದಿಗಳು ಪಕ್ಕದ ಸರಪಳಿಗೆ ಅಂಟಿ ಕವಲೊಡೆದು ಹೆಣೆದುಕೊಳ್ಳುವುದು. ಯಾವುದು ಗೆಲ್ಲುತ್ತದೆ ಎಂಬುದು ಆ ಪ್ಲಾಸ್ಟಿಕ್ ಯಾವ ವೇಗವರ್ಧಕದಿಂದ ಹುಟ್ಟಿತು, ಎಷ್ಟು ಕಾವು, ಎಷ್ಟು ಗಾಳಿ ಎಂಬುದರ ಮೇಲೆ ನಿಂತಿದೆ. ಫಿಲಿಪ್ಸ್ ಬಗೆಯ ವೇಗವರ್ಧಕದಿಂದ ಹುಟ್ಟಿದ ಎಚ್‌ಡಿಪಿಇ ಹೆಣೆದುಕೊಳ್ಳುವ ಕಡೆ ವಾಲುತ್ತದೆ. ಹೊರಗಿನಿಂದ ಎರಡೂ ಒಂದೇ ಕಪ್ಪು.

ಎಷ್ಟು ಸಲ ಕಾಯಿಸಿದರೆ ಕೆಡುತ್ತದೆ ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಹಟಮಾರಿ ದಾಖಲೆ 2015ರದ್ದು. ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಒಬ್ಲಾಕ್, ಎಮ್ರಿ ಮೊದಲಾದವರು ಒಂದೇ ಎಚ್‌ಡಿಪಿಇಯನ್ನು 100 ಸಲ ಕರಗಿಸಿ, ಎಳೆದು, ಕತ್ತರಿಸಿ, ಮತ್ತೆ ಕರಗಿಸಿದರು. ಮೊದಲ ಹತ್ತು ಸುತ್ತು ಗಡಸುತನ ಹೆಚ್ಚು ಕಡಿಮೆ ನಿಂತಿತ್ತು, ಆಮೇಲೆ ಇಳಿಯತೊಡಗಿತು. ಮೂವತ್ತನೇ ಸುತ್ತಿನವರೆಗೆ ಕವಲೊಡೆಯುವುದೇ ಮೇಲುಗೈ, ಮುಂದೆ ತುಂಡಾಗುವುದರ ಸರದಿ. ಇದನ್ನು ಓದಿ ಕಪ್ಪು ಪೈಪಿನ ವ್ಯಾಪಾರಿಗಳು "ನೋಡಿ, ಹತ್ತು ಸಲ ಕಾಯಿಸಿದರೂ ಏನೂ ಆಗುವುದಿಲ್ಲ" ಎನ್ನಬಹುದು. ಆ ಮಾತಿಗೆ ನಾನು ಒಪ್ಪುವುದಿಲ್ಲ. ಅಲ್ಲಿ ಕಾಯಿಸಿದ್ದು ಶುದ್ಧ ಮಾಲು, ಸ್ವಚ್ಛ ಯಂತ್ರ, ಹಿಡಿತದಲ್ಲಿದ್ದ ಕಾವು. ಗುಜರಿ ಅಂಗಡಿಯಿಂದ ದಾನಾ, ಅಂದರೆ ಪ್ಲಾಸ್ಟಿಕ್ ಕಾಳು, ಆಗಿ ಬರುವ ಮಾಲಿನಲ್ಲಿ ಮಣ್ಣು, ಗೊಬ್ಬರದ ಉಪ್ಪು, ಬೇರೆ ಜಾತಿಯ ಪ್ಲಾಸ್ಟಿಕ್, ಬಿಸಿಲಿನಲ್ಲಿ ಆಗಲೇ ಕೆಟ್ಟ ಮೇಲ್ಮೈ ಎಲ್ಲವೂ ಇರುತ್ತವೆ. ಇನ್ನೂ ದೊಡ್ಡದು ಇನ್ನೊಂದಿದೆ: ಗಡಸುತನ ಬೇರೆ, ಪೆಟ್ಟು ತಾಳುವ ಶಕ್ತಿ ಬೇರೆ. ಹೆಣೆದುಕೊಂಡ ಪ್ಲಾಸ್ಟಿಕ್ ಉಗುರಿಗೆ ಗಟ್ಟಿಯಾಗಿಯೇ ಇರುತ್ತದೆ, ಕಲ್ಲು ಬಿದ್ದಾಗ ಪೆಡಸಾಗಿ ಸೀಳಬಹುದು. ಪಾಲಿಮರುಗಳ ಸವೆತದ ಈ ಲೆಕ್ಕಗಳಲ್ಲಿ ನಮ್ಮವರ ಪಾಲೂ ಇದೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾವು, ಬೆಳಕು, ಶಬ್ದಾತೀತ ತರಂಗಗಳಿಂದ ಪಾಲಿಮರ್ ಸರಪಳಿ ಹೇಗೆ ತುಂಡಾಗುತ್ತದೆಂದು ಕೆಲಸ ಮಾಡಿದ ಗಿರಿಧರ್ ಮದ್ರಾಸ್ ಅವರಿಗೆ 2009ರ ಭಟ್ನಾಗರ್ ಪ್ರಶಸ್ತಿ ಬಂತು.

ಹೊದಿಕೆಯ ತಾಳಿಕೆಯನ್ನು ಅಳೆಯುವ ವಿಧಾನ ಚೆಂದ ಇದೆ. ಜರ್ಮನಿಯ ಡಿಐಎನ್ 30670 ಎಂಬ ಮಾನದಂಡದಲ್ಲಿ 25 ಮಿಲಿಮೀಟರ್ ಗುಂಡು ತಲೆಯ ತೂಕವೊಂದನ್ನು ಹೊದಿಕೆಯ ಮೇಲೆ ಬೀಳಿಸುತ್ತಾರೆ. ಪ್ರತಿ ಮಿಲಿಮೀಟರ್ ದಪ್ಪಕ್ಕೆ 5 ಜೂಲ್ ತಡೆಯಬೇಕು, ಸಣ್ಣ ಕೊಳವೆಗೆ ಸ್ವಲ್ಪ ರಿಯಾಯಿತಿ. ಮೂರು ಮಿಲಿಮೀಟರ್ ಹೊದಿಕೆಯಾದರೆ 15 ಜೂಲ್, ಅಂದರೆ ಒಂದು ಕೆ.ಜಿ. ತೂಕ ಒಂದೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು. ಬಿದ್ದ ಜಾಗದ ಮೇಲೆ 25,000 ವೋಲ್ಟಿನ ಬ್ರಷ್ ಆಡಿಸುತ್ತಾರೆ. ಕಿಡಿ ಹಾರಿದರೆ ಹೊದಿಕೆ ತೂತಾಗಿದೆ. ಜಗಳೂರಿನ ನೆಲ ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಜೆಸಿಬಿ ತನ್ನ ಬಕೆಟ್ಟಿನಿಂದ ಕಲ್ಲು ಸಮೇತ ಮಣ್ಣು ತಳ್ಳುವಾಗ ಒಂದು ಕೆ.ಜಿ.ಯ ಕಲ್ಲು ಎದೆಯೆತ್ತರದಿಂದ ಬೀಳುವುದು ಅಪರೂಪವೇನಲ್ಲ. ಕೊಳವೆಯ ಸುತ್ತ ಮೊದಲು ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಕಬೇಕೆನ್ನುವುದು ಇದಕ್ಕೇ. ಎಸ್ಟಿಮೇಟಿನಲ್ಲಿ ಅದು ಇದ್ದೇ ಇರುತ್ತದೆ, ಗುಂಡಿಯಲ್ಲಿ ಕೆಲವು ಸಲ ಇರುತ್ತದೆ.

ಆದರೆ ಆ ಪರೀಕ್ಷೆ ನಡೆಯುವುದು ಕಾರ್ಖಾನೆಯಿಂದ ಆಗತಾನೆ ಹೊರಬಂದ, ಒಂದೇ ಸಲ ಕಾದ ಹೊದಿಕೆಯ ಮೇಲೆ. ಕಾವಿನ ಪರೀಕ್ಷೆ ಬೇರೆ ಇದೆ: 100 ಡಿಗ್ರಿಯಲ್ಲಿ 100 ದಿನ, ಅಂದರೆ 2,400 ಗಂಟೆ ಇಟ್ಟು, ಕರಗಿದ ಪ್ಲಾಸ್ಟಿಕ್ ಹರಿಯುವ ವೇಗ ಮೊದಲಿಗಿಂತ ಶೇ. 35ಕ್ಕಿಂತ ಹೆಚ್ಚು ಬದಲಾಗಬಾರದು. ಒಳ್ಳೆಯ ಪರೀಕ್ಷೆಯೇ. ಆದರೆ ಅದು ನಿಧಾನವಾಗಿ, ಗಟ್ಟಿ ಸ್ಥಿತಿಯಲ್ಲಿ ಬೀಳುವ ಕಾವು. ಟಾರ್ಚಿನದು ಕೆಲವೇ ನಿಮಿಷದ, ಕರಗುವ ಮಟ್ಟ ದಾಟಬಹುದಾದ ಕಾವು. ಸಂಧಿಯ ಹೊದಿಕೆಗೆಂದೇ ಐಎಸ್‌ಒ 21809ರ ಮೂರನೇ ಭಾಗ ಇದೆ. ಸ್ಲೀವ್ ಪೆಟ್ಟು ತಾಳುತ್ತದೆಯೇ, ಕಾರ್ಖಾನೆ ಹೊದಿಕೆಗೆ ಅದು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದೆಲ್ಲ ಕೇಳುತ್ತದೆ. ಎರಡು ಸಲ ಟಾರ್ಚ್ ಕಂಡ ಹಳೆಯ ಅಂಚಿನ ಮೇಲೆ ಗುಂಡು ತೂಕ ಬೀಳಿಸಿ ನೋಡುವುದು ದಿನನಿತ್ಯದ ಕೆಲಸವಲ್ಲ.

ಕೆಳಗಿನ ಎಪಾಕ್ಸಿ ಪದರಕ್ಕೆ ಮರುಕಾವು ಯಾವಾಗಲೂ ಶತ್ರುವೂ ಅಲ್ಲ. ಎಪಾಕ್ಸಿ ಒಮ್ಮೆ ಬೆಂದು ಗಟ್ಟಿಯಾದರೆ ಮತ್ತೆ ಕರಗದು. ಮೊದಲ ಸಲ ಅರೆಬೆಂದಿದ್ದರೆ ಎರಡನೇ ಕಾವಿನಲ್ಲಿ ಬೇಯುವುದು ಪೂರ್ತಿಯಾಗಿ ಒಳ್ಳೆಯದೇ ಆಗುತ್ತದೆ. ಎಪಾಕ್ಸಿ ಮಾತ್ರ ಬಳಿದ ಕೊಳವೆ ಮಳೆಗಾಲವಿಡೀ ಬಯಲಲ್ಲಿ ಬಿದ್ದು ತೇವ ಹೀರಿದ್ದರೆ, ದಿಢೀರನೆ ಕಾಯಿಸಿದಾಗ ಆ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಎಪಾಕ್ಸಿ ಸರಿಯಾಗಿ ಬೆಂದಿದೆಯೇ ಎಂದು ನೋಡುವ ಡಿಎಸ್‌ಸಿ ಪರೀಕ್ಷೆಯ ವಿಧಾನ ಓದುತ್ತಿದ್ದಾಗ ಒಂದು ತಮಾಷೆ ಸಿಕ್ಕಿತು. ಚೂರು ಎಪಾಕ್ಸಿಯನ್ನು ಆ ಯಂತ್ರ ಒಂದಲ್ಲ, ಮೂರು ಸಲ ಕಾಯಿಸುತ್ತದೆ. ಮೊದಲ ಸಲ 110 ಡಿಗ್ರಿಯವರೆಗೆ, ಅದು ಹೀರಿದ ತೇವ ಮತ್ತು ಹಿಂದಿನ ಕಾವಿನ ಗುರುತು ಅಳಿಸಲು. ಎರಡನೆಯದರಲ್ಲಿ 280ರ ಆಸುಪಾಸಿನವರೆಗೆ, ಬೇಯದೆ ಉಳಿದದ್ದನ್ನು ಬೇಯಿಸಲು. ಮೂರನೆಯದರಲ್ಲಿ ಎಷ್ಟು ಬದಲಾಯಿತೆಂದು ನೋಡಲು. ನಾನು ಹುಡುಕುತ್ತಿದ್ದ ಚರಿತ್ರೆಯಲ್ಲಿ ಒಂದು ಭಾಗವನ್ನು ಪರೀಕ್ಷೆ ಮೊದಲ ಸುತ್ತಿನಲ್ಲೇ ಬೇಕೆಂದು ಒರೆಸಿಹಾಕುತ್ತದೆ!

ಪಾಲಿಥಿಲೀನಿನ ವಿಷಯದಲ್ಲಿ ಹಾಗಲ್ಲ. ಇಲ್ಲಿ ಚರಿತ್ರೆ ಮಾಲಿನೊಳಗೇ ಉಳಿದಿರುತ್ತದೆ. ಪ್ಲಾಸ್ಟಿಕ್ಕಿಗೆ ಬೆರೆಸಿದ ಆಂಟಿಆಕ್ಸಿಡೆಂಟ್ ಪ್ರತಿ ಕಾವಿಗೂ ಸ್ವಲ್ಪ ಕರ್ಚಾಗುತ್ತದೆ. ಎಷ್ಟು ಉಳಿದಿದೆ ಎಂದು ನೋಡಲು ಕೆಲವೇ ಮಿಲಿಗ್ರಾಂ ತೂಕದ ಚಕ್ಕೆ ಸಾಕು. ಅದನ್ನು 200 ಡಿಗ್ರಿಯಲ್ಲಿಟ್ಟು ಆಮ್ಲಜನಕ ಬಿಟ್ಟು ಗಡಿಯಾರ ನೋಡುತ್ತಾರೆ. ಆಮ್ಲಜನಕದೊಂದಿಗೆ ಕೂಡಿ ಕೆಡಲು ಶುರುವಾಗುವ ಮೊದಲು ಎಷ್ಟು ನಿಮಿಷ ತಾಳಿತು? ಐಎಸ್ 4984ರ 2016ರ ಆವೃತ್ತಿ ನೀರಿನ ಪೈಪಿಗೆ ಕೇಳುವುದು ಕನಿಷ್ಠ 20 ನಿಮಿಷ. ಬಿಲ್ಲು ಹೇಳದ್ದನ್ನು, ಎಂ.ಬಿ. ಬರೆಯದ್ದನ್ನು ಈ ಇಪ್ಪತ್ತು ನಿಮಿಷ ಬಹುಮಟ್ಟಿಗೆ ಹೇಳುತ್ತದೆ. ಬಹುಮಟ್ಟಿಗೆ ಎಂದೆ, ಯಾಕೆಂದರೆ ಮರುಬಳಕೆ ಮಾಲಿಗೆ ಹೊಸದಾಗಿ ಆಂಟಿಆಕ್ಸಿಡೆಂಟ್ ಬೆರೆಸಿದರೆ ಗಡಿಯಾರ ಮತ್ತೆ ಎಳೆಯದಾಗುತ್ತದೆ. ಹೆಣೆದುಕೊಂಡು ಗಂಟುಬಿದ್ದ ಸರಪಳಿಗಳನ್ನು ಮಾತ್ರ ಯಾವ ಪುಡಿ ಹಾಕಿದರೂ ಬಿಡಿಸಲಾಗದು. ಆದ್ದರಿಂದ ಒಂದೇ ಪರೀಕ್ಷೆ ನಂಬಿ ಕೂರದೆ ಈ ಗಡಿಯಾರದ ಪರೀಕ್ಷೆ, ಹರಿವಿನ ಪರೀಕ್ಷೆ, ಹಿಗ್ಗುವ ಪರೀಕ್ಷೆ ಮೂರನ್ನೂ ಒಟ್ಟಿಗೆ ಓದಬೇಕು. ಇದಕ್ಕೆ ದೂರ ಹೋಗಬೇಕಿಲ್ಲ, ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್ ಮೈಸೂರಿನಲ್ಲೇ ಇದೆ.

ಈ ಪರೀಕ್ಷೆ ಈಗ ಬೇಕು ಎನ್ನಲು ಕಾರಣ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವುದು ಸೂಕ್ಷ್ಮ ನೀರಾವರಿಯಲ್ಲಿ. ದಾವಣಗೆರೆಯ ಪಾಲು ಎಂದರೆ ಜಗಳೂರು. ಒಂದೂವರೆ ಮೀಟರಿಗೆ ಒಂದರಂತೆ ಡ್ರಿಪ್ ಲ್ಯಾಟರಲ್ ಎಳೆದರೆ ಒಂದು ಹೆಕ್ಟೇರಿಗೆ ಆರೂವರೆ ಕಿಲೋಮೀಟರಿಗೂ ಮೀರಿದ ಕಪ್ಪು ನಳಿಕೆ ಬೇಕು. ಅವು ಕೆಲವು ವರ್ಷದಲ್ಲಿ ಗುಜರಿಗೆ ಹೋಗುತ್ತವೆ, ದಾನಾ ಆಗುತ್ತವೆ, ಮತ್ತೆ ಪೈಪಾಗುತ್ತವೆ. ಮರುಬಳಕೆ ಬೇಡ ಎನ್ನುವುದು ಮೂರ್ಖತನ. ಎಷ್ಟನೇ ಸುತ್ತಿನದು ಎಂದು ಹೇಳದೆ, ನೀರು ತುಂಬಿ ಒತ್ತಡದಲ್ಲಿ ನಿಲ್ಲಬೇಕಾದ ಪೈಪಿನ ಬೆಲೆಗೆ ಮಾರುವುದು ಬೇರೆ ಮಾತು. ಬಿಸಿಲಿನ ಕಾವನ್ನು ಈ ಮರುಕಾವಿನ ಲೆಕ್ಕಕ್ಕೆ ಸೇರಿಸಬಾರದು. ಹೊಲದ ಮೇಲೆ ಬಿದ್ದಿರುವ ಕಪ್ಪು ಪೈಪು ಬೇಸಿಗೆಯಲ್ಲಿ ಕೈ ಸುಡುವಷ್ಟು ಕಾದರೂ ಕರಗುವ ಮಟ್ಟಕ್ಕೆ ಹತ್ತಿರವೂ ಹೋಗುವುದಿಲ್ಲ. ಅಲ್ಲಿ ಕೆಡಿಸುವುದು ಮುಖ್ಯವಾಗಿ ಬೆಳಕು. ಅದನ್ನು ತಡೆಯಲೆಂದೇ ಐಎಸ್ 4984 ಶೇ. 2.5ರಷ್ಟು ಕಾರ್ಬನ್ ಕಪ್ಪು ಬೇಕೆನ್ನುತ್ತದೆ, ಅರ್ಧ ಹೆಚ್ಚು ಕಡಿಮೆ ಆಗಬಹುದು.

ಕೊನೆಗೆ ನಾನು ಬಂದು ನಿಂತದ್ದು ಮಾಹಿತಿ ಹಕ್ಕಿನ ಅರ್ಜಿಯ ಮುಂದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಪೀಠಿಕೆ ಬರೆಯಲು ಜಾಗವಿಲ್ಲ, ರಸಾಯನಶಾಸ್ತ್ರಕ್ಕಂತೂ ಇಲ್ಲವೇ ಇಲ್ಲ. ಎರಡು ಕೋರಿಕೆಗೆ ಇಳಿಸಿದ್ದೇನೆ. ಒಂದು, ಕೊಳವೆ ಮಾರ್ಗದ ಜಾಯಿಂಟ್ ರಿಜಿಸ್ಟರಿನಲ್ಲಿ ಆರ್-1 ಎಂದು ನಮೂದಾದ ಬೆಸುಗೆಗಳ ಪಟ್ಟಿಯ ದೃಢೀಕೃತ ನಕಲು. ಎರಡು, ಅದೇ ಜಾಯಿಂಟುಗಳಲ್ಲಿ ಸ್ಲೀವ್ ಕಿತ್ತು ಮತ್ತೆ ಹಾಕಿದ್ದರೆ ಅದರ ದಿನಾಂಕ ಮತ್ತು ನಂತರ ನಡೆಸಿದ ಸ್ಪಾರ್ಕ್ ಪರೀಕ್ಷೆಯ ದಾಖಲೆ. "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಬಂದರೂ ಅದನ್ನು ಫೈಲಿಗೆ ಸೇರಿಸುತ್ತೇನೆ. ಇಷ್ಟು ಹುಡುಕಿದ ಮೇಲೆ, ಇಲ್ಲ ಎಂದು ಸಹಿ ಹಾಕಿ ಕೊಟ್ಟ ಕಾಗದವೂ ನನ್ನ ಮಟ್ಟಿಗೆ ಒಂದು ದಾಖಲೆಯೇ.